ಮೂರು ಮಳೆ, ಒಂದು ನೆನಪು

ಕಳೆದ ವರ್ಷ ನೆಂಟರ ಮನೆಯ ಗೃಹಪ್ರವೇಶಕ್ಕೆ ಮುಂಬೈಯಿಂದ ನಮ್ಮ ದೊಡ್ಡಪ್ಪಯ್ಯ ಬಂದಿದ್ದರು. ನಲವತ್ತು ವರ್ಷ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು. ಲೆಕ್ಕವನ್ನಾಗಲಿ, ಮುಖವನ್ನಾಗಲಿ ಮರೆಯುವ ಜನ ಅಲ್ಲ. ಊಟ ಮುಗಿದು ಎಲೆ-ಅಡಿಕೆಯ ತಟ್ಟೆ ಚಾವಡಿಗೆ ಬಂದ ಹೊತ್ತಿನಲ್ಲಿ ಅವರು ಶಿರೂರಿನ ಕತೆ ತೆಗೆದರು. "ಟೋಲ್‌ಗೇಟಿನ ಹತ್ರ ಗುಡ್ಡ ಜರಿದಿತಲ, ಆ ಮಳೆಯಂಗೇ ಆಂಬುಲೆನ್ಸ್ ಬಂತ್, ಲಾರಿ ಹೊಳೆಗ್ ಹೋಯ್ತ್. ನಾ ಆಗ ಊರಲ್ಲೇ ಇದ್ದಿದ್ದೆ ಮಾರಾಯ" ಎಂದರು. ಕೆಂಪು ಮಣ್ಣು ಹೇಗೆ ಇಳಿದುಬಂತು ಎಂಬುದನ್ನು ಅಂಗೈ ವಾಲಿಸಿ ತೋರಿಸಿದರು. ಸುತ್ತ ಕೂತವರಲ್ಲಿ ಇಬ್ಬರು ಹೌದು ಹೌದು ಎಂದು ತಲೆಯಾಡಿಸಿದರು.

ಅವರು ಹೇಳಿದ್ದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಹಾಗೆ ಎಂದೂ ನಡೆದಿಲ್ಲ.

ಬೈಂದೂರು ತಾಲ್ಲೂಕಿನ ನಮ್ಮ ಶಿರೂರಿನ ಟೋಲ್‌ಗೇಟಿನಲ್ಲಿ ಆಂಬುಲೆನ್ಸ್ ಜಾರಿ ಅಪ್ಪಳಿಸಿದ್ದು 2022ರ ಜುಲೈ 20ರಂದು. ಹೊನ್ನಾವರದ ಕಡೆಯಿಂದ ರೋಗಿಯನ್ನು ಕುಂದಾಪುರದತ್ತ ಕರೆತರುತ್ತಿದ್ದ ವಾಹನ, ಒದ್ದೆ ರಸ್ತೆ. ಟೋಲಿನ ಹುಡುಗರು ಅಡ್ಡ ಇಟ್ಟದ್ದನ್ನು ತೆಗೆಯಲು ಓಡಿದ್ದನ್ನು ಸಿಸಿಟಿವಿಯಲ್ಲಿ ದೇಶವೆಲ್ಲ ನೋಡಿತು. ಅದಾಗಿ ಹದಿಮೂರನೆಯ ದಿನ, ಆಗಸ್ಟ್ 2ರಂದು, ಭಟ್ಕಳ ಮತ್ತು ಶಿರೂರಿನ ಮೇಲೆ ಕಂಡು ಕೇಳರಿಯದ ಮಳೆ ಸುರಿಯಿತು. ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಮಣ್ಣಾದರು. ದೊಡ್ಡಪ್ಪಯ್ಯ ಊರಿಗೆ ಬಂದಿದ್ದದ್ದು ಆ ವಾರ. ಇನ್ನು ಲಾರಿ ಹೊಳೆಗೆ ಹೋದ ಶಿರೂರೇ ಬೇರೆ. ಅದು ಅಂಕೋಲಾ ತಾಲ್ಲೂಕಿನ ಶಿರೂರು, ಇಲ್ಲಿಂದ ನೂರು ಕಿಲೋಮೀಟರಿನ ಆಸುಪಾಸು ಬಡಗಿಗಿದೆ. 2024ರ ಜುಲೈ 16ರ ಬೆಳಿಗ್ಗೆ ಅಲ್ಲಿ ಹೆದ್ದಾರಿ ಬದಿಯ ಗುಡ್ಡ ಚಹಾ ಅಂಗಡಿಯನ್ನೂ ನಿಂತ ವಾಹನಗಳನ್ನೂ ಹೊತ್ತು ಗಂಗಾವಳಿಗೆ ಇಳಿಯಿತು. ನದಿಯಲ್ಲೆದ್ದ ಅಲೆಗೆ ಆಚೆ ದಡದ ಉಳುವರೆಯ ಮನೆಗಳೂ ಸಿಕ್ಕವು. ಕೇರಳದ ಲಾರಿ ನೀರಿನಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು.

ಎರಡು ಶಿರೂರು, ಮೂರು ಘಟನೆ, ಎರಡು ವರ್ಷದ ಅಂತರ. ಎಲ್ಲವೂ ಆಟಿ ತಿಂಗಳ ಆಚೀಚೆಯ ಮಳೆಯಲ್ಲಿ, ಎಲ್ಲವೂ ರಾಷ್ಟ್ರೀಯ ಹೆದ್ದಾರಿ 66ರ ಆಸುಪಾಸಿನಲ್ಲಿ. ದೊಡ್ಡಪ್ಪಯ್ಯನ ಮನಸ್ಸಿನಲ್ಲಿ ಇವು ಒಂದೇ ಮಧ್ಯಾಹ್ನವಾಗಿದ್ದವು. ಕುಸಿದ ಗುಡ್ಡವೆಂದು ಅವರು ಅಂಗೈಯಲ್ಲಿ ತೋರಿಸಿದ್ದು, ನನ್ನ ಅಂದಾಜಿನಲ್ಲಿ, ಬೈಂದೂರಿನ ಒತ್ತಿನೆಣೆಯನ್ನು. ಚತುಷ್ಪಥಕ್ಕೆಂದು ಕಡಿದು ಕೆಂಪಾಗಿ ನಿಂತ ಆ ಗುಡ್ಡವನ್ನು ಊರಿಗೆ ಬಂದಾಗಲೆಲ್ಲ ಅವರು ಬಸ್ಸಿನ ಕಿಟಕಿಯಿಂದ ನೋಡಿದ್ದಾರೆ. ಅಂಕೋಲೆಯ ಗುಡ್ಡವನ್ನು ಕಂಡಿಲ್ಲ. ಕಾಣದ ಗುಡ್ಡಕ್ಕೆ ಕಂಡ ಗುಡ್ಡದ ಮಣ್ಣು ಬಂದು ತುಂಬಿಕೊಂಡಿತು.

ನಾನು ತಿದ್ದಿದೆ. ಅವರು ಮುಖ ಚಿಕ್ಕದು ಮಾಡಿಕೊಂಡರು. ಆ ರಾತ್ರಿ ಮನೆಗೆ ಬಂದು ನನ್ನದೊಂದು ನೆನಪನ್ನು ಪರೀಕ್ಷಿಸಬೇಕೆನಿಸಿತು. ಟೋಲ್‌ಗೇಟಿನ ಅಪಘಾತದ ದಿನ ಆ ಆಂಬುಲೆನ್ಸಿನ ಸೈರನ್ ನನ್ನ ಕಿವಿಗೆ ಬಿದ್ದಿತ್ತು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಮಳೆಯ ಸದ್ದಿನ ನಡುವೆ ಅದು ಹತ್ತಿರ ಬಂದು ಥಟ್ಟನೆ ನಿಂತದ್ದು ಇವತ್ತಿಗೂ ಕೇಳಿಸುತ್ತದೆ. ದಿನಚರಿ ತೆರೆದರೆ ಜುಲೈ 20ರಂದು ನಾನು ಶಿವಮೊಗ್ಗದಲ್ಲಿದ್ದೆ. ಘಟ್ಟದ ಮೇಲೆ. ಮೊಬೈಲಿಗೆ ಬಂದ ಸಿಸಿಟಿವಿ ತುಣುಕನ್ನು ಅಲ್ಲಿಯೇ ನೋಡಿದ್ದೆ, ಆ ತುಣುಕಿಗೆ ಸದ್ದೇ ಇರಲಿಲ್ಲ. ಸೈರನ್ ನನ್ನದು. ಭಟ್ಕಳ, ಹೊನ್ನಾವರದ ಕಡೆಯಿಂದ ಕುಂದಾಪುರಕ್ಕೆ, ಮಣಿಪಾಲಕ್ಕೆ ದಿನವೂ ಧಾವಿಸುವ ಆಂಬುಲೆನ್ಸುಗಳನ್ನು ವರ್ಷಗಟ್ಟಲೆ ಕೇಳಿದ ಕಿವಿ, ಮೂಕ ಚಿತ್ರಕ್ಕೆ ತನ್ನ ಬೊಕ್ಕಸದಿಂದ ಸದ್ದು ಕೊಟ್ಟಿತ್ತು.

ಕೇಂಬ್ರಿಜಿನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ನೆನಪಿನ ಬಗ್ಗೆ ಬರೆದ ಪುಸ್ತಕ ಈ ವಿಷಯದಲ್ಲಿ ಇಂದಿಗೂ ಮೊದಲು ತೆರೆಯಬೇಕಾದದ್ದು. ಅಮೆರಿಕದ ಮೂಲನಿವಾಸಿಗಳ ಒಂದು ಜನಪದ ಕತೆಯನ್ನು ಅವನು ಇಂಗ್ಲಿಷರಿಗೆ ಓದಲು ಕೊಟ್ಟು, ದಿನ ಬಿಟ್ಟು, ತಿಂಗಳು ಬಿಟ್ಟು ಮತ್ತೆ ಮತ್ತೆ ಹೇಳಿಸಿದ. ಕತೆ ಚಿಕ್ಕದಾಗುತ್ತ ಹೋಯಿತು. ಅದಕ್ಕಿಂತ ಮುಖ್ಯವಾಗಿ, ಅದು ಇಂಗ್ಲಿಷಿನವರ ಕತೆಯಾಗುತ್ತ ಹೋಯಿತು. ಆ ಜನರ ತೋಡುದೋಣಿ ಸಾಧಾರಣ ದೋಣಿಯಾಯಿತು. ಸೀಲ್ ಬೇಟೆಗೆ ಹೊರಟವರು ಮೀನು ಹಿಡಿಯಲು ಹೊರಟವರಾದರು. ಅರ್ಥವಾಗದ ಪ್ರೇತಗಳು ಮೆಲ್ಲನೆ ಜಾರಿಕೊಂಡವು. ಓದಿದವರು ಬೇಕೆಂದು ಬದಲಾಯಿಸಲಿಲ್ಲ. ಪರಿಚಯವಿಲ್ಲದ್ದು ಇರುವುದಕ್ಕೆ ಅವರೊಳಗೆ ಜಾಗವಿರಲಿಲ್ಲ, ಅಷ್ಟೇ. ಪೂರ್ವಾನುಭವದ ಈ ಒಳಚೌಕಟ್ಟನ್ನು ಬಾರ್ಟ್ಲೆಟ್ ಸ್ಕೀಮಾ ಎಂದು ಕರೆದ. ಶಿರೂರಿನ ಅಳ್ವೆಗದ್ದೆಯಲ್ಲಿ ಅದೇ ಕತೆ ಹೇಳಿದರೆ ಏನಾಗುತ್ತದೆ ಎಂದು ಯೋಚಿಸುತ್ತೇನೆ. ಪ್ರೇತಗಳು ಹೋಗಲಿಕ್ಕಿಲ್ಲ, ನಮ್ಮಲ್ಲಿ ಅವಕ್ಕೆ ಜಾಗ ಧಾರಾಳ ಇದೆ. ದೋಣಿಗೆ ಮಾತ್ರ ನಮ್ಮ ಬಲೆ, ನಮ್ಮ ಬಂಗುಡೆ ಬಂದು ಸೇರುವುದು ಖಂಡಿತ.

ಕನ್ನಡದಲ್ಲಿ ‘ನೆನೆ’ ಎಂದರೆ ಸ್ಮರಿಸು, ‘ನೆನೆ’ ಎಂದರೆ ಒದ್ದೆಯಾಗು. ಮೂಲದಲ್ಲಿ ಇವು ಬೇರೆ ಬೇರೆ ಧಾತುಗಳೇ ಇರಬಹುದು. ಆದರೂ ಸಂಜೆ ನೆನೆಹಾಕಿದ ಅಕ್ಕಿ ಬೆಳಿಗ್ಗೆ ನೀರು ಕುಡಿದು ಹಿಗ್ಗಿರುವುದನ್ನು ನೋಡಿದವರಿಗೆ ಈ ಸೇರಿಕೆ ಸರಿಯೆನಿಸುತ್ತದೆ. ಕಾಳು ಅದೇ. ಅದರೊಳಗೆ ಈಗ ಪಾತ್ರೆಯ ನೀರೂ ಇದೆ, ಅದನ್ನು ಹಿಂಡಿ ತೆಗೆಯಲಾಗದು.

ಈ ಚರ್ಚೆ ನಮಗೆ ಹೊಸದಲ್ಲ. ಅನ್ನಂಭಟ್ಟನ ನ್ಯಾಯಗ್ರಂಥ ತರ್ಕಸಂಗ್ರಹ ಅರಿವನ್ನು ಅನುಭವ, ಸ್ಮೃತಿ ಎಂದು ಎರಡಾಗಿ ಒಡೆಯುತ್ತದೆ. ಕೇವಲ ಸಂಸ್ಕಾರದಿಂದ, ಅಂದರೆ ಹಿಂದಿನ ಅನುಭವ ಉಳಿಸಿಹೋದ ಗುರುತಿನಿಂದ, ಹುಟ್ಟುವ ಅರಿವೇ ಸ್ಮೃತಿ. ಆದ್ದರಿಂದ ನೈಯಾಯಿಕರು ಅದನ್ನು ಪ್ರಮೆಯ, ಅಂದರೆ ಯಥಾರ್ಥ ಅನುಭವದ, ಸಾಲಿನಲ್ಲಿ ಕೂರಿಸುವುದಿಲ್ಲ. ಭ್ರಮೆಗೂ ಅವರ ವಿವರಣೆ ಇದೇ ದಾರಿಯದು: ಮರಳಲ್ಲಿ ಬಿದ್ದ ಚಿಪ್ಪು ಬೆಳ್ಳಿಯಾಗಿ ಹೊಳೆಯಬೇಕಾದರೆ ನೋಡುವವನು ಹಿಂದೆಂದೋ ಬೆಳ್ಳಿಯನ್ನು ಕಂಡಿರಬೇಕು. ಆ ಹಳೆಯ ಬೆಳ್ಳಿ ನೆನಪಿನ ಮೂಲಕ ಬಂದು ಈ ಚಿಪ್ಪಿನ ಮೇಲೆ ಕೂರುತ್ತದೆ. ಬೆಳ್ಳಿಯೂ ನಿಜ, ಚಿಪ್ಪೂ ನಿಜ. ಒಂದರ ಮೇಲೊಂದು ಕೂತದ್ದು ಮಾತ್ರ ತಪ್ಪು. ದೊಡ್ಡಪ್ಪಯ್ಯನ ಕತೆಗೆ ಇದಕ್ಕಿಂತ ಹೊಂದುವ ವಿವರಣೆ ನನಗೆ ಎಲ್ಲೂ ಸಿಕ್ಕಿಲ್ಲ.

ಆದರೆ ಇದೇ ಕರಾವಳಿಯ ಮಧ್ವಾಚಾರ್ಯರ ಪಂಥ ನೈಯಾಯಿಕರನ್ನು ಒಪ್ಪಲಿಲ್ಲ. ಉಡುಪಿಯ ಜನಕ್ಕೆ ಶಿರೂರು ಎಂದರೆ ಮೊದಲು ಹೊಳೆಯುವುದು ಅಷ್ಟಮಠಗಳಲ್ಲೊಂದಾದ ಶಿರೂರು ಮಠ, ಅದು ಹಿರಿಯಡ್ಕದ ಕಡೆಯ ಮೂರನೆಯ ಶಿರೂರು. ಆ ಮಠಗಳಲ್ಲಿ ಓದಿಸುವ ಜಯತೀರ್ಥರ ಪ್ರಮಾಣಪದ್ಧತಿ ಸ್ಮೃತಿಯನ್ನು ಪ್ರಮಾಣದೊಳಗೇ ಸೇರಿಸುತ್ತದೆ. ವಸ್ತು ಇದ್ದ ಹಾಗೆ ಗ್ರಹಿಸಿದರೆ ಅದು ಪ್ರಮಾಣ. ಮನಸ್ಸೂ ಒಂದು ಇಂದ್ರಿಯ. ಸಂಸ್ಕಾರದ ನೆರವಿನಿಂದ ಅದು ಕಳೆದುಹೋದದ್ದನ್ನು ಮುಟ್ಟಬಲ್ಲದು ಎಂಬುದು ಅವರ ನಿಲುವು. ನೆನಪನ್ನು ಪೂರ್ತಿ ತಳ್ಳಿಹಾಕಿದರೆ ಮನುಷ್ಯನ ಯಾವ ವ್ಯವಹಾರವೂ ನಡೆಯದು ಎಂಬ ವಿವೇಕ ಇದರಲ್ಲಿದೆ, ಮತ್ತು ನನ್ನ ಒಲವು ಈ ಕಡೆಗೇ. ಇತ್ತೀಚೆಗೆ ನೆನಪೆಲ್ಲ ಕಟ್ಟುಕತೆ ಎಂದು ಹೇಳುವುದು ವಿದ್ಯಾವಂತರಲ್ಲಿ ರೂಢಿಯಾಗಿದೆ. ಆ ಮಾತು ಅರ್ಧ ಓದಿನ ಫಲ.

ಅದಕ್ಕೆ ಉತ್ತರ ಬಾರ್ಟ್ಲೆಟ್‌ನ ಪುಸ್ತಕದಲ್ಲೇ ಇದೆ. ಆಫ್ರಿಕದ ಸ್ವಾಜಿ ಸೀಮೆಯಲ್ಲಿ ಒಬ್ಬ ದನಗಾಹಿ ಹಿಂದಿನ ವರ್ಷ ನಡೆದ ದನಗಳ ವ್ಯಾಪಾರವನ್ನು ಒಂದೊಂದು ಹಸುವಿನ ಬಣ್ಣ, ಗುರುತು, ಬೆಲೆಯೊಂದಿಗೆ ಒಪ್ಪಿಸಿದ. ಬರೆದಿಟ್ಟ ಲೆಕ್ಕದೊಂದಿಗೆ ಹೋಲಿಸಿದಾಗ ಅದು ಬಹುತೇಕ ಸರಿಯಾಗಿತ್ತು. ಅವನಿಗೆ ವಿಶೇಷ ಬುದ್ಧಿಯೇನೂ ಬೇಕಾಗಿರಲಿಲ್ಲ, ದನ ಅವನ ಬದುಕಾಗಿತ್ತು. 1973ರಲ್ಲಿ ಚೇಸ್ ಮತ್ತು ಸೈಮನ್ ಚದುರಂಗದ ನಿಪುಣರಲ್ಲಿ ಇದನ್ನೇ ಕಂಡರು: ನಿಜವಾದ ಆಟದ ನಡುವಿನ ಮಣೆಯನ್ನು ಐದು ಸೆಕೆಂಡು ತೋರಿಸಿದರೆ ನಿಪುಣ ಹೆಚ್ಚಿನ ಕಾಯಿಗಳನ್ನು ಸ್ವಸ್ಥಾನದಲ್ಲಿ ಇಡುತ್ತಿದ್ದ, ಕಾಯಿಗಳನ್ನು ಮನಬಂದಂತೆ ಚೆಲ್ಲಿದ ಮಣೆ ಕೊಟ್ಟರೆ ಹೊಸಬನಿಗಿಂತ ಮೇಲೇರಲಿಲ್ಲ. ಶಿರೂರು, ಗಂಗೊಳ್ಳಿಯ ಮೀನುಗಾರರು ಯಾವ ಗಾಳಿಗೆ ಎಲ್ಲಿ ಬಲೆ ಬಿಟ್ಟೆವು, ಎಲ್ಲಿ ಬಂಡೆಗೆ ಸಿಕ್ಕಿ ಹರಿಯಿತು ಎಂದು ವರ್ಷಗಳ ಹಿಂದಿನದನ್ನು ಹೇಳುವಾಗ ಅವರೂ ಆ ದನಗಾಹಿಯ ಸಾಲಿಗೆ ಸೇರಿದವರು. ಪೂರ್ವಾನುಭವ ನೆನಪನ್ನು ಕೆಡಿಸುತ್ತದೆ ಎನ್ನುವವರು ಅದೇ ಅನುಭವ ಇಲ್ಲದಿದ್ದರೆ ನೆನಪೇ ನಿಲ್ಲದು ಎಂಬುದನ್ನು ಬಿಟ್ಟುಬಿಡುತ್ತಾರೆ.

ಆದರೆ ಮೀನುಗಾರನ ನೆನಪಿಗೂ ಒಂದು ಕುರುಡು ಮೂಲೆಯಿದೆ. 1970ರ ದಶಕದ ಕೊನೆಯ ಹೊತ್ತಿಗೆ ಪರ್ಸಿನ್ ಬೋಟುಗಳು ಬಂದು, ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆ ಹಿಂದೆ ಸರಿಯಿತು. ರಂಪಣಿ ಎಳೆದ ಅಜ್ಜನಿಗೆ ಹೇರಳ ಎಂದರೆ ಒಂದು ಅಳತೆ, ಪರ್ಸಿನ್ನಿನಲ್ಲಿ ದುಡಿದ ಮಗನಿಗೆ ಇನ್ನೊಂದು, ಈಗ ಬೈಗೆ ಮೀನು ಸಿಗದ ವರ್ಷಗಳನ್ನೂ ಕಂಡ ಮೊಮ್ಮಗನಿಗೆ ಮತ್ತೊಂದು. ಪ್ರತಿಯೊಬ್ಬನೂ ತನ್ನ ಹರೆಯದಲ್ಲಿ ಕಂಡ ಕಡಲನ್ನೇ ಸಹಜ ಕಡಲೆಂದು ಹಿಡಿಯುತ್ತಾನೆ. ಮೀನುಗಾರಿಕಾ ವಿಜ್ಞಾನಿ ಡೇನಿಯಲ್ ಪಾಲಿ 1995ರಲ್ಲಿ ಇದನ್ನು ಜಾರುವ ಅಡಿಗೆರೆಯ ತೊಂದರೆ ಎಂದು ಗುರುತಿಸಿದರು. ಮೂರು ತಲೆಮಾರೂ ನಿಜವನ್ನೇ ಹೇಳುತ್ತಿರುತ್ತದೆ, ಕಡಲು ಬರಿದಾದದ್ದು ಮಾತ್ರ ಯಾರ ನೆನಪಿನಲ್ಲೂ ಪೂರ್ತಿಯಾಗಿ ಇರುವುದಿಲ್ಲ.

ಅನುಭವ ಹಿಂದಿನಿಂದ ಬಂದು ನೆನಪನ್ನು ರೂಪಿಸಿದರೆ, ಕೇಳುವವರ ಮಾತು ಮುಂದಿನಿಂದ ಬಂದು ಅದನ್ನು ತಿದ್ದುತ್ತದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರುಗಳ ಅಪಘಾತದ ಚಿತ್ರ ತೋರಿಸಿ ವೇಗ ಎಷ್ಟಿತ್ತು ಎಂದು ಕೇಳಿದರು. ಕೆಲವರನ್ನು ಕಾರುಗಳು ತಾಗಿದಾಗ ಎಂದು ಕೇಳಿದರು, ಕೆಲವರನ್ನು ನುಚ್ಚುನೂರಾಗುವಂತೆ ಅಪ್ಪಳಿಸಿದಾಗ ಎಂದು. ವಾರ ಬಿಟ್ಟು ಒಡೆದ ಗಾಜು ಕಂಡಿರಾ ಎಂದರೆ, ತಾಗಿದ ಎಂಬ ಮಾತು ಕೇಳಿದ 50 ಜನರಲ್ಲಿ 7 ಮಂದಿ ಹೌದೆಂದರು, ಅಪ್ಪಳಿಸಿದ ಎಂಬ ಮಾತು ಕೇಳಿದ 50 ಜನರಲ್ಲಿ 16 ಮಂದಿ. ಚಿತ್ರದಲ್ಲಿ ಗಾಜು ಒಡೆದಿರಲೇ ಇಲ್ಲ. ಭಾರೀ ಅಪಘಾತಕ್ಕೆ ಒಡೆದ ಗಾಜು ಸೇರಿಯೇ ಇರುತ್ತದೆ ಎಂಬುದು ಅವರ ಹಳೆಯ ಅನುಭವ. ಒಂದು ಕ್ರಿಯಾಪದ ಅದನ್ನು ಎಬ್ಬಿಸಿತು.

ನಮ್ಮಲ್ಲಿ ಕ್ರಿಯಾಪದದ ತೊಡಕು ಇನ್ನೂ ಹತ್ತಿರದ್ದು. ಕುಂದಗನ್ನಡದಲ್ಲಿ ‘ಇತ್ತ್’ ಎಂದರೆ ಈಗ ಇದೆ ಎಂದೇ ಅರ್ಥ. ಹಿಂದೆ ಇದ್ದದ್ದಕ್ಕೆ ‘ಇದ್ದಿತ್’ ಎನ್ನುತ್ತೇವೆ. ಶಿರೂರಿನ ಹೆಂಗಸೊಬ್ಬರು "ಆ ಗುಡ್ಡಿ ಬುಡದಂಗೆ ಒಂದ್ ಮನೆ ಇತ್ತ್" ಎಂದು ಹೇಳಿದರೆ ಬೆಂಗಳೂರಿನಿಂದ ಬಂದ ವರದಿಗಾರನ ಕಿವಿಗೆ ಅಲ್ಲಿ ಒಂದು ಮನೆ ಇತ್ತು, ಈಗಿಲ್ಲ ಎಂದು ಬೀಳುತ್ತದೆ. ಅವನು ಹಾಗೆಯೇ ಬರೆದುಕೊಳ್ಳುತ್ತಾನೆ, ಹಾಗೆಯೇ ನೆನಪಿಡುತ್ತಾನೆ. ಹೇಳಿದವರದೂ ಕನ್ನಡ, ಕೇಳಿದವನದೂ ಕನ್ನಡ. ನಡುವೆ ಒಂದು ಮನೆ ಮಾಯವಾಗಿರುತ್ತದೆ. ಪೊಲೀಸ್ ಹೇಳಿಕೆ ಬರೆಯುವಲ್ಲಿ, ಪರಿಹಾರದ ಪಟ್ಟಿ ತಯಾರಾಗುವಲ್ಲಿ ಇದು ಎಷ್ಟು ದೊಡ್ಡ ವಿಷಯವಾಗಬಲ್ಲದೆಂದು ಊಹಿಸಿಕೊಳ್ಳಿ.

ಖಚಿತತೆಯೂ ನಮಗೆ ನೆರವಾಗುವುದಿಲ್ಲ. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಸಿಡಿದ ಮರುದಿನ ಬೆಳಿಗ್ಗೆ ಉಲ್ರಿಕ್ ನೈಸರ್ ತನ್ನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ, ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಎಂದು ಬರೆಸಿಟ್ಟುಕೊಂಡರು. ಎರಡೂವರೆ ವರ್ಷದ ಮೇಲೆ ಅದೇ ಪ್ರಶ್ನೆ ಕೇಳಿದಾಗ ಸುಮಾರು ಕಾಲುಭಾಗ ಜನ ಎಲ್ಲ ವಿವರಗಳಲ್ಲೂ ತಪ್ಪಿದ್ದರು, ಅವರಲ್ಲಿ ಅನೇಕರು ಪೂರ್ಣ ವಿಶ್ವಾಸದಿಂದ. ಅವರದೇ ಕೈಬರಹ ತೋರಿಸಿದರೂ ಹಳೆಯ ನೆನಪು ಮರಳಿ ಬರಲಿಲ್ಲ. ಶಿವಮೊಗ್ಗ ಎಂದು ನನ್ನ ದಿನಚರಿಯಲ್ಲಿ ಓದಿದ ಮೇಲೂ ನನಗೆ ಸೈರನ್ ಕೇಳುತ್ತಲೇ ಇದೆಯಲ್ಲ, ಹಾಗೆ.

ಇದರಿಂದ ಆಗುವ ನಷ್ಟ ಏನು? ಒಬ್ಬ ವೃದ್ಧರು ಮೂರು ಮಳೆಯನ್ನು ಒಂದಾಗಿಸಿ ಹೇಳಿದರೆ ಯಾರಿಗೆ ಏನು ಹೋಯಿತು? ನನ್ನ ಆತಂಕ ಇರುವುದೇ ಇಲ್ಲಿ. ನೆನಪು ಘಟನೆಗಳನ್ನು ಹೋಲಿಕೆಯ ದಾರದಲ್ಲಿ ಪೋಣಿಸುತ್ತದೆ: ಮಳೆ, ಹೆದ್ದಾರಿ, ಸಾವು, ಶಿರೂರು. ಪೋಣಿಸುವಾಗ ಒಂದೊಂದರ ಕಾರಣ ಉದುರಿಹೋಗುತ್ತದೆ. ಟೋಲ್‌ಗೇಟಿನ ಸಾವಿನ ಹಿಂದೆ ಒದ್ದೆ ರಸ್ತೆಯಿತ್ತು. ಅದರ ಹಿಂದೆ, ಹೊನ್ನಾವರದ ರೋಗಿ ಜಿಲ್ಲೆಯ ಗಡಿ ದಾಟಿ ಯಾಕೆ ಬರಬೇಕಾಯಿತು ಎಂಬ ಪ್ರಶ್ನೆಯಿತ್ತು. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆ ದಿನಗಳಲ್ಲಿ ಜೋರಾದದ್ದು ಅದಕ್ಕೇ. ಅಂಕೋಲೆಯ ಗುಡ್ಡದ ಹಿಂದಿದ್ದದ್ದು ಬೇರೆ ಪ್ರಶ್ನೆ: ಹೆದ್ದಾರಿಗೆಂದು ಇಳಿಜಾರಿನ ಬುಡವನ್ನು ಎಷ್ಟು ಕಡಿದರು, ಹೇಗೆ ಕಡಿದರು. ಆಸ್ಪತ್ರೆ ಕಟ್ಟಿದರೆ ಗುಡ್ಡ ನಿಲ್ಲದು, ಗುಡ್ಡಕ್ಕೆ ತಡೆಗೋಡೆ ಕಟ್ಟಿದರೆ ರೋಗಿ ಬದುಕಲಾರ. ಮೂರೂ ಒಂದೇ ಕತೆಯಾದ ಮೇಲೆ ಕೊನೆಗೆ ಉಳಿಯುವುದು ಚಾವಡಿಯಲ್ಲಿ ಅಂದು ಯಾರೋ ನಿಟ್ಟುಸಿರಿಟ್ಟು ಹೇಳಿದ ಮಾತು: ಮಳೆಗಾಲ ಅಂದರೆ ಹೀಗೆಯೇ. ಯಾರೂ ಉತ್ತರಿಸಬೇಕಾಗಿಲ್ಲದ ಮಾತು ಅದು. ನಾಲ್ಕೈದು ವರ್ಷದಲ್ಲಿ ಒಂದು ಊರು ತನ್ನ ಮೇಲೆ ನಡೆದ ತಪ್ಪುಗಳನ್ನು ಹವಾಮಾನವೆಂದು ನೆನಪಿಡತೊಡಗುತ್ತದೆ.

ನ್ಯಾಯಾಲಯಗಳು ಇದನ್ನು ಅರಿಯದೆ ಇಲ್ಲ. 1983ರಲ್ಲಿ ಗುಜರಾತಿನ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಸಾಕ್ಷಿಯ ಮನಸ್ಸು ವಿಡಿಯೋ ಟೇಪಲ್ಲ, ಅನುಕ್ರಮ ತಪ್ಪಬಹುದು, ಬಿಟ್ಟ ಜಾಗವನ್ನು ಕಲ್ಪನೆ ತುಂಬಬಹುದು, ಸಣ್ಣ ವ್ಯತ್ಯಾಸಕ್ಕೆ ಸಾಕ್ಷಿಯನ್ನು ಸುಳ್ಳನೆನ್ನಬಾರದು ಎಂಬ ಅರ್ಥದಲ್ಲಿ ಹೇಳಿತು. 1872ರ ಸಾಕ್ಷ್ಯ ಕಾಯ್ದೆಯೇ, ಘಟನೆಯ ಹೊತ್ತಿನಲ್ಲಿ ಬರೆದಿಟ್ಟ ಟಿಪ್ಪಣಿ ನೋಡಿ ಸಾಕ್ಷಿ ನೆನಪನ್ನು ಹಸಿ ಮಾಡಿಕೊಳ್ಳಲು ಅವಕಾಶ ಕೊಟ್ಟಿತ್ತು. 2024ರ ಜುಲೈ 1ರಂದು, ಅಂಕೋಲೆಯ ಗುಡ್ಡ ಕುಸಿಯುವ 15 ದಿನ ಮುಂಚೆ, ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ಕಾನೂನು ಬರೆದದ್ದನ್ನು ಗೌರವಿಸುತ್ತದೆ. ಆದರೆ ಬರೆಯುವವರು ಯಾರು? ಗುಡ್ಡ ಕುಸಿದ ಊರಿಗೆ ಮೊದಲು ತಲುಪುವುದು ಟಿವಿ ಮೈಕು. "ಭಯಾನಕ ಶಬ್ದ ಕೇಳಿಸಿತಾ ಅಮ್ಮಾ?" ಎಂಬ ಪ್ರಶ್ನೆಯ ನಂತರ ಆ ಅಮ್ಮನಿಗೆ ಕೇಳಿಸಿದ ಶಬ್ದ ಯಾವುದೆಂದು ಆಕೆಯೂ ಹೇಳಲಾರಳು. ಅದೇ ದಿನ ಪಂಚಾಯಿತಿಯವರೋ, ಶಾಲೆಯ ಮೇಷ್ಟ್ರೋ, ಊರಿನ ಭಾಷೆ ಬಲ್ಲ ಯಾರಾದರೂ ಒಬ್ಬರು ಬಂದು, ಏನಾಯಿತು ಹೇಳಿ ಎಂದಷ್ಟೇ ಕೇಳಿ, ಹೇಳಿದ್ದನ್ನು ಹೇಳಿದ ಮಾತಿನಲ್ಲೇ ಬರೆದು ತಾರೀಕು ಹಾಕಿಟ್ಟರೆ ಅದರ ಬೆಲೆ ಆಮೇಲಿನ ಹತ್ತು ವಿಚಾರಣೆಗಿಂತ ಹೆಚ್ಚು. ದೋಣಿಯವರನ್ನು ನೀರಿನ ಬಗ್ಗೆ ಕೇಳಬೇಕು, ಚಾಲಕರನ್ನು ರಸ್ತೆಯ ಬಗ್ಗೆ, ಗುಡ್ಡದ ಬುಡದಲ್ಲಿ ದನ ಕಟ್ಟುವವರನ್ನು ಹಿಂದಿನ ತಿಂಗಳು ಎಲ್ಲಿ ಬಿರುಕು ಬಿಟ್ಟಿತ್ತು ಎಂಬುದರ ಬಗ್ಗೆ. ಅವರವರ ಅನುಭವ ಅವರವರ ನೆನಪನ್ನು ಎಲ್ಲಿ ಗಟ್ಟಿ ಮಾಡಿದೆಯೋ ಅಲ್ಲಿ.

ದೊಡ್ಡಪ್ಪಯ್ಯನನ್ನು ಸಭೆಯಲ್ಲಿ ತಿದ್ದಿದ್ದು ಸರಿಯಾಗಲಿಲ್ಲ ಎಂದು ನನಗೆ ಅನಿಸುತ್ತಿತ್ತು. ಅವರು ಮುಂಬೈಗೆ ಹೊರಡುವ ಹಿಂದಿನ ದಿನ ನನ್ನ ದಿನಚರಿ ಹಿಡಿದುಕೊಂಡೇ ಹೋದೆ. ಮೊದಲು ಸೈರನ್ನಿನ ವಿಷಯ ಹೇಳಿದೆ. ಜುಲೈ 20ರ ಪುಟ ತೆರೆದು ಅವರ ಕೈಗಿತ್ತೆ. ಕನ್ನಡಕ ಹಾಕಿ ಓದಿದರು, ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೊಮ್ಮಗಳಿಂದ ಒಂದು ಹಾಳೆ ಕೇಳಿ ತರಿಸಿ, ಗಲ್ಲಾದ ಲೆಕ್ಕ ಬರೆಯುವ ಅದೇ ಉದ್ದುದ್ದ ಅಕ್ಷರದಲ್ಲಿ ಮೂರು ತಾರೀಕುಗಳನ್ನು ಒಂದರ ಕೆಳಗೊಂದು ಬರೆದರು. ಪ್ರತಿಯೊಂದರ ಮುಂದೆ ಊರಿನ ಹೆಸರು, ತಾಲ್ಲೂಕಿನ ಹೆಸರು.

"ಇನ್ನೂ ಗುಡ್ಡಿ ಟೋಲಿನ ಹತ್ರವೇ ಕಾಣ್ತ್ ಮಾರಾಯ" ಎಂದರು. ನಾಲ್ಕನೆಯ ಸಾಲಿಗೆ ಪೆನ್ನು ಇಳಿಸಿ ತಲೆಯೆತ್ತಿದರು.

"ಒತ್ತಿನೆಣೆ ಕಡ್ದದ್ದ್ ಯಾವ ವರ್ಷ?"